ಪರ್ಫಾರ್ಮೆನ್ಸ್ ಕಾರಿಗೆ ಕಮ್ಮಿ ಖರ್ಚಿನಲ್ಲಿ ಇನ್ನೊಂದು ಸೆಟ್ ವೀಲ್

ಟ್ರ್ಯಾಕ್‌ಗೆ ಅಂತ ಇನ್ನೊಂದು ಸೆಟ್ ವೀಲ್ ಬೇಕಾದವರು ಮೊದಲೇ ಹೊಸದರ ಹಿಂದೆ ಬೀಳಬೇಡಿ. ಎಷ್ಟೋ ಜನ ದೊಡ್ಡ ಅಲಾಯ್ ಹಾಕಿಸಿ, ಕಾರಿನ ಜೊತೆ ಬಂದ ಸೆಟ್ಟನ್ನು ಕಮ್ಮಿಗೆ ಮಾರಿಬಿಡುತ್ತಾರೆ. ಅಂಥದ್ದನ್ನೇ ಹುಡುಕಿ. ಅದೇ ಬಳಗದ ಮಾಮೂಲಿ ಕಾರಿನ ವೀಲ್ ಕೂಡ ಆಗಬಹುದು. ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್ ಮತ್ತು ಆಡಿ ಎ3, ಎರಡಕ್ಕೂ ಬೋಲ್ಟ್ ಅಳತೆ 5x112 (ಅಂದರೆ 112 ಮಿ.ಮೀ. ವ್ಯಾಸದ ಸುತ್ತಿನಲ್ಲಿ ಐದು ಬೋಲ್ಟ್), ನಡುವಿನ ತೂತು 57.1 ಮಿ.ಮೀ. ಈಚಿನ ಆಡಿ ಎ4ರದ್ದು 66.6. ಅದನ್ನು ಗಾಲ್ಫ್‌ಗೆ ಹಾಕಿದರೆ ಬೋಲ್ಟ್ ಕೂತರೂ ನಡುವೆ ಸಡಿಲ ಉಳಿಯುತ್ತದೆ. ಆ ಸಂದು ತುಂಬುವ ಹಬ್ ರಿಂಗ್ ಹಾಕದಿದ್ದರೆ ಸ್ಪೀಡ್‌ನಲ್ಲಿ ಸ್ಟೀರಿಂಗ್ ನಡುಗಬಹುದು.

ಒಂದೇ ಹೆಸರಿನ ಕಾರು ಅಂತ ಸುಮ್ನೆ ನಂಬಬೇಡಿ. ಸುಬಾರು ಎಸ್‌ಟಿಐ 2004ರವರೆಗೆ 5x100, 2005ರಿಂದ 5x114.3.

ಜಾಸ್ತಿ ಜನ ಎಡವುವುದು ಬ್ರೇಕ್ ಹತ್ತಿರ. ನಾನೂ ಒಮ್ಮೆ ಅಳತೆಯೆಲ್ಲ ನೋಡಿಯೇ ತಂದಿದ್ದೆ. ಕೈಯಲ್ಲಿ ತಿರುಗಿಸಿದಾಗ ಸ್ಪೋಕ್ ಕ್ಯಾಲಿಪರ್‌ಗೆ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ಕರ್ ಅಂತ ಉಜ್ಜಿತು. ಇಂಚು ಸರಿ ಇದ್ದರೆ ಸಾಲದು, ಸ್ಪೋಕ್ ಎಷ್ಟು ಒಳಗೆ ಬಾಗಿದೆ ಅನ್ನುವುದೂ ಮುಖ್ಯ. ಈಗ ಕ್ಯಾಲಿಪರ್ ಆಕಾರಕ್ಕೆ ರಟ್ಟು ಕತ್ತರಿಸಿ ಜೊತೆಗೇ ಒಯ್ಯುತ್ತೇನೆ. ಒಂದೇ ಅಗಲದ ವೀಲ್‌ನಲ್ಲಿ ಆಫ್‌ಸೆಟ್ (ವೀಲ್ ಹಬ್‌ಗೆ ಕೂರುವ ಜಾಗಕ್ಕೂ ವೀಲ್ ಅಗಲದ ನಡುಗೆರೆಗೂ ಇರುವ ಅಂತರ) 10 ಮಿ.ಮೀ. ಕಮ್ಮಿಯಾದರೆ ವೀಲ್ 10 ಮಿ.ಮೀ. ಹೊರಗೆ ಬರುತ್ತದೆ, ಫೆಂಡರ್‌ಗೆ ತಾಗಬಹುದು.

ಹಳೇ ವೀಲ್ ಆದರೆ ಟೈರ್ ಬಿಚ್ಚಿಸಿ ಒಳಬದಿ ನೋಡಿ. ಬಿರುಕು ಇರುವುದು ಹೆಚ್ಚಾಗಿ ಅಲ್ಲೇ. ಬೆಸುಗೆ ಗುರುತು ಕಂಡರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಬೋಲ್ಟ್ ಕೂರುವ ಜಾಗ ಗುಂಡಗಿದೆಯೋ ಚೂಪಾಗಿದೆಯೋ ನೋಡಿಕೊಂಡು ಅದಕ್ಕೆ ತಕ್ಕ ಬೋಲ್ಟ್ ತನ್ನಿ.