ಪಿಕಪ್ ಗಾಡಿಯ ಆಯಿಲ್ ಮಟ್ಟ: ಒಂದೇ ಜಾಗ, ಒಂದೇ ಹೊತ್ತು

ಡಿಸೆಂಬರ್ ಕಳೆಯುವ ಹೊತ್ತಿಗೆ ತೊಗರಿ ರಾಶಿ ಶುರುವಾಗುತ್ತದೆ. ಆಳಂದ, ಜೇವರ್ಗಿ, ಸೇಡಂ, ಚಿತ್ತಾಪುರ ಕಡೆಯ ಹಳ್ಳಿಗಳಿಂದ ಕಲಬುರಗಿಯ ನೆಹರೂ ಗಂಜ್‌ಗೆ ಚೀಲ ಹೊತ್ತು ಬರುವ ಪಿಕಪ್ ಗಾಡಿಗಳಿಗೆ ಆಗ ಬಿಡುವೇ ಇರುವುದಿಲ್ಲ. ಗಾಡಿ ಓಡಿಸುವವರು ಎಂಜಿನ್ ಆಯಿಲ್ ನೋಡುವುದಿಲ್ಲ ಎಂದೇನೂ ಅಲ್ಲ, ನೋಡುತ್ತಾರೆ. ಆದರೆ ನೋಡುವ ಜಾಗ ಪೆಟ್ರೋಲ್ ಪಂಪಿನ ಇಳಿಜಾರು, ನೋಡುವ ಹೊತ್ತು ಗಾಡಿ ನಿಲ್ಲಿಸಿದ ಮರುಗಳಿಗೆ. ಅಲ್ಲಿ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸಲು ಮೇಲೊಂದು, ಕೆಳಗೊಂದು ಗೆರೆ ಇರುವ ಕಡ್ಡಿ) ಎಳೆದರೆ ಆಯಿಲ್ ಕಡಿಮೆ ಇದ್ದಂತೆ ಕಾಣುತ್ತದೆ, ಅರ್ಧ ಲೀಟರ್ ಸುರಿಯುತ್ತಾರೆ. ಮರುದಿನ ಮನೆಯ ಮುಂದೆ ನೋಡಿದರೆ ಅದೇ ಆಯಿಲ್ ಮೇಲಿನ ಗೆರೆಯನ್ನು ದಾಟಿ ನಿಂತಿರುತ್ತದೆ. ಆಮೇಲೆ ಗಾಡಿಯ ಮೇಲೆ ಅನುಮಾನ, ಮೆಕ್ಯಾನಿಕ್ ಮೇಲೂ ಅನುಮಾನ.

ತಪ್ಪು ಗಾಡಿಯದೂ ಅಲ್ಲ, ಮೆಕ್ಯಾನಿಕ್‌ನದೂ ಅಲ್ಲ. ಎರಡು ಸಲ ನೋಡಿದ್ದು ಎರಡು ಬೇರೆ ಜಾಗಗಳಲ್ಲಿ, ಎರಡು ಬೇರೆ ಸ್ಥಿತಿಗಳಲ್ಲಿ. ಅಂಥ ಎರಡು ಅಳತೆಗಳನ್ನು ಪಕ್ಕಪಕ್ಕ ಇಟ್ಟು ಆಯಿಲ್ ಏರಿತೋ ಇಳಿಯಿತೋ ಎಂದು ಹೇಳಲು ಬರುವುದಿಲ್ಲ. ಆದ್ದರಿಂದ ಮೊದಲು ಒಂದು ಜಾಗ, ಒಂದು ಹೊತ್ತು ಗೊತ್ತು ಮಾಡಿಕೊಳ್ಳಬೇಕು. ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ.

ಮಟ್ಟದ ನೆಲ ಹುಡುಕುವುದು

ಎಂಜಿನ್‌ನ ತಳದಲ್ಲಿರುವ ಚೇಂಬರ್‌ನಲ್ಲಿ ಆಯಿಲ್ ನಿಂತಿರುತ್ತದೆ. ಡಿಪ್‌ಸ್ಟಿಕ್, ಅಂದರೆ ಗ್ಯಾರೇಜಿನವರ ಗೇಜ್, ಆ ಚೇಂಬರ್‌ನ ಒಂದು ಬಿಂದುವಿನಲ್ಲಿ ಮಾತ್ರ ಮುಳುಗುತ್ತದೆ. ಗಾಡಿ ವಾಲಿದರೆ ಆಯಿಲ್ ಒಂದು ಬದಿಗೆ ಸರಿಯುತ್ತದೆ. ಡಿಪ್‌ಸ್ಟಿಕ್ ಆ ಬದಿಯಲ್ಲಿದ್ದರೆ ಹೆಚ್ಚು ತೋರಿಸುತ್ತದೆ, ಎದುರು ಬದಿಯಲ್ಲಿದ್ದರೆ ಕಡಿಮೆ.

ಇದೆಷ್ಟು ದೊಡ್ಡ ವ್ಯತ್ಯಾಸ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಡಿಪ್‌ಸ್ಟಿಕ್ ಚೇಂಬರ್‌ನ ನಡುವಿನಿಂದ 15 ಸೆಂಟಿಮೀಟರ್ ದೂರದಲ್ಲಿದೆ, ನೆಲ ಮೀಟರಿಗೆ 4 ಸೆಂಟಿಮೀಟರ್ ಇಳಿಯುತ್ತದೆ ಎಂದಿಟ್ಟುಕೊಳ್ಳೋಣ. ಆ ಬಿಂದುವಿನಲ್ಲಿ ಆಯಿಲ್ ಮಟ್ಟ 6 ಮಿಲಿಮೀಟರ್ ಬದಲಾಗುತ್ತದೆ. ಎರಡು ಗೆರೆಗಳ ನಡುವೆ 20 ಮಿಲಿಮೀಟರ್ ಅಂತರವಿದ್ದು, ಆ ಅಂತರಕ್ಕೆ ಒಂದು ಲೀಟರ್ ಹಿಡಿಯುವುದಾದರೆ, ಈ 6 ಮಿಲಿಮೀಟರ್ ಎಂದರೆ 300 ಮಿಲಿಲೀಟರ್. ಕಣ್ಣಿಗೆ ಇಳಿಜಾರೆಂದೇ ಅನ್ನಿಸದ ನೆಲದಲ್ಲಿ ಇಷ್ಟು ತಪ್ಪಬಹುದು.

ನಮ್ಮ ಕಡೆ ಮನೆಯಂಗಳಕ್ಕೆ ಶಹಾಬಾದಿ ಫರ್ಸಿ ಹಾಸಿರುತ್ತಾರೆ. ಅದು ನೋಡಲು ಸಪಾಟಾಗಿದ್ದರೂ ನೀರು ಚರಂಡಿಗೆ ಹರಿಯಲೆಂದು ವಾಟ ಕೊಟ್ಟೇ ಹಾಸಿರುತ್ತಾರೆ. ಪೆಟ್ರೋಲ್ ಪಂಪಿನ ಅಂಗಳಕ್ಕೂ ಅದೇ ಕಾರಣಕ್ಕೆ ವಾಟ ಇರುತ್ತದೆ. ಒಂದು ತಂಬಿಗೆ ನೀರು ಸುರಿದು ನೋಡಿ. ನೀರು ಒಂದೇ ದಿಕ್ಕಿಗೆ ಓಡಿದರೆ ಆ ಜಾಗ ಬೇಡ. ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ ಗೌಂಡಿಗಳು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪನ್ನು ತನ್ನಿ. ಒಂದು ತುದಿಯನ್ನು ಮುಂದಿನ ಗಾಲಿಯ ಬಳಿ, ಇನ್ನೊಂದು ತುದಿಯನ್ನು ಹಿಂದಿನ ಗಾಲಿಯ ಬಳಿ ಹಿಡಿದು, ಎರಡೂ ಕಡೆ ನೆಲದಿಂದ ನೀರಿನವರೆಗಿನ ಎತ್ತರವನ್ನು ಅಳೆಯಿರಿ. ಎತ್ತರ ಒಂದೇ ಆಗಿದ್ದರೆ ನೆಲ ಮಟ್ಟವಾಗಿದೆ. ಎಡಗಾಲಿಗೂ ಬಲಗಾಲಿಗೂ ಹೀಗೆಯೇ ನೋಡಿ. ಒಳ್ಳೆಯ ಜಾಗ ಸಿಕ್ಕಿತೆಂದರೆ ನಾಲ್ಕೂ ಗಾಲಿ ನಿಲ್ಲುವಲ್ಲಿ ಬಣ್ಣದಿಂದ ಗುರುತು ಹಾಕಿಬಿಡಿ. ಅರ್ಧ ಗಂಟೆಯ ಈ ಕೆಲಸ ಗಾಡಿ ಇರುವಷ್ಟು ಕಾಲ ಉಪಯೋಗಕ್ಕೆ ಬರುತ್ತದೆ.

ಲೋಡ್ ಇರುವಾಗ ನೋಡಬೇಡಿ. ಹಿಂದೆ ಚೀಲಗಳು ಇದ್ದರೆ ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಕೂತು ಗಾಡಿಯ ಮೂತಿ ಮೇಲೇಳುತ್ತದೆ. ನೆಲ ಎಷ್ಟೇ ಮಟ್ಟವಾಗಿದ್ದರೂ ಎಂಜಿನ್ ವಾಲಿರುತ್ತದೆ. ಗಾಳಿ ಕಡಿಮೆಯಾದ ಟಯರ್ ಇದ್ದರೂ ಇದೇ ಪರಿಣಾಮ, ಸ್ವಲ್ಪ ಕಡಿಮೆ ಪ್ರಮಾಣದಲ್ಲಿ.

ಬಿಸಿಯಲ್ಲೋ ತಣ್ಣಗಾದ ಮೇಲೋ?

ಗ್ಯಾರೇಜುಗಳಲ್ಲಿ ಇದರ ಬಗ್ಗೆ ಜಗಳವೇ ನಡೆಯುತ್ತದೆ. ಎರಡೂ ಕಡೆಯವರ ಮಾತಿನಲ್ಲಿ ಅರ್ಥವಿದೆ.

ಎಂಜಿನ್ ಓಡುವಾಗ ಪಂಪು ಆಯಿಲನ್ನು ಕ್ರ್ಯಾಂಕ್, ಹೆಡ್, ಟರ್ಬೊ ಎಲ್ಲ ಕಡೆಗೂ ಕಳಿಸುತ್ತಿರುತ್ತದೆ. ಆಫ್ ಮಾಡಿದ ಕೂಡಲೇ ಅದೆಲ್ಲ ಕೆಳಗೆ ಬಂದು ಸೇರುವುದಿಲ್ಲ. ಹೆಡ್ಡಿನ ಸಂದುಗೊಂದುಗಳಿಂದ ಇಳಿಯಲು ಸಮಯ ಬೇಕು. ಅದಕ್ಕೇ ಆಫ್ ಮಾಡಿದ ತಕ್ಷಣ ನೋಡಿದರೆ ಕಡಿಮೆ ತೋರಿಸುತ್ತದೆ. ಇನ್ನೊಂದು ಕಡೆ, ಆಯಿಲ್ ಬಿಸಿಯಾದರೆ ಹಿಗ್ಗುತ್ತದೆ. ಪ್ರತಿ 10 ಡಿಗ್ರಿಗೆ ಸುಮಾರು 0.7 ಶೇಕಡಾದಷ್ಟು. ಆರು ಲೀಟರ್ ಆಯಿಲ್ 30 ಡಿಗ್ರಿಯಿಂದ 90 ಡಿಗ್ರಿಗೆ ಏರಿದರೆ ಸುಮಾರು ಕಾಲು ಲೀಟರ್ ಹಿಗ್ಗುತ್ತದೆ. ಆದ್ದರಿಂದ ಬೆಳಗಿನ ತಣ್ಣನೆಯ ಅಳತೆಯೂ ಮಧ್ಯಾಹ್ನದ ಬಿಸಿ ಅಳತೆಯೂ ಹೊಂದಿಕೆಯಾಗುವುದಿಲ್ಲ.

ಯಾವುದು ಸರಿ ಎಂಬುದನ್ನು ತೀರ್ಮಾನಿಸುವುದು ಗಾಡಿಯ ಜೊತೆ ಕೊಟ್ಟ ಕೈಪಿಡಿ. ಎಂಜಿನ್ ಬಿಸಿಯಾಗಿಸಿ ಆಫ್ ಮಾಡಿ 5ರಿಂದ 10 ನಿಮಿಷ ಬಿಟ್ಟು ನೋಡಿ ಎಂದು ಕೆಲವು ಕಂಪನಿಗಳು ಹೇಳುತ್ತವೆ. ಓಡಿಸುವ ಮೊದಲೇ ನೋಡಿ ಎಂದು ಕೆಲವು ಹೇಳುತ್ತವೆ. ಗೆರೆಗಳನ್ನು ಕೊರೆದಿರುವುದೇ ಆ ಸ್ಥಿತಿಯನ್ನು ಲೆಕ್ಕ ಹಾಕಿ. ಕೈಪಿಡಿಯಲ್ಲಿ ಏನಿದೆಯೋ ಅದನ್ನೇ ಮಾಡಿ.

ಕೈಪಿಡಿ ಕಳೆದುಹೋದ ಗಾಡಿಗಳೇ ನಮ್ಮಲ್ಲಿ ಹೆಚ್ಚು. ಅಂಥವರಿಗೆ ನನ್ನ ಸಲಹೆ ಬೆಳಗಿನ ಹೊತ್ತು, ಚಾವಿ ತಿರುಗಿಸುವ ಮೊದಲು. ರಾತ್ರಿಯಿಡೀ ನಿಂತ ಎಂಜಿನ್‌ನಲ್ಲಿ ಆಯಿಲ್ ಕೆಳಗಿಳಿದು ಕೂತಿರುತ್ತದೆ, ಕಾಯುವ ಗೊಡವೆ ಇಲ್ಲ, ಕೈ ಸುಡುವ ಭಯವೂ ಇಲ್ಲ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ಬಾನೆಟ್ ಒಳಗೆ ಕೈ ಹಾಕುವವರಿಗೆ ಇದರ ಬೆಲೆ ಗೊತ್ತು. ಒಂದು ಎಚ್ಚರಿಕೆ ಮಾತ್ರ ಇರಲಿ: ತಣ್ಣಗಿರುವಾಗ ಮೇಲಿನ ಗೆರೆಯವರೆಗೆ ತುಂಬಬೇಡಿ. ಬಿಸಿಯಾದಾಗ ಹಿಗ್ಗಲು ಜಾಗ ಬೇಕು, ಗೆರೆಗಿಂತ ತುಸು ಕೆಳಗೇ ನಿಲ್ಲಿಸಿ.

ಡಿಪ್‌ಸ್ಟಿಕ್ ಎಳೆಯುವ ಕ್ರಮ

ಗಾಡಿಯನ್ನು ಗುರುತಿನ ಮೇಲೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ, ಚಾವಿ ಕಿತ್ತುಕೊಳ್ಳಿ. ಬಿಸಿ ಎಂಜಿನ್ ಆದರೆ ಹೆಗಲ ಮೇಲಿನ ಟವೆಲ್ ತೆಗೆದಿಡಿ. ಕರೆಂಟ್ ಫ್ಯಾನ್ ಇರುವ ಗಾಡಿಗಳಲ್ಲಿ ಎಂಜಿನ್ ನಿಂತ ಮೇಲೂ ಫ್ಯಾನ್ ತಿರುಗಬಹುದು. ಮುಂದೆ ಬಾನೆಟ್ ಇಲ್ಲದ ಸಣ್ಣ ಗಾಡಿಗಳಲ್ಲಿ ಎಂಜಿನ್ ಸೀಟಿನ ಕೆಳಗಿರುತ್ತದೆ, ಸೀಟು ಎತ್ತಬೇಕು.

ಎಳೆಯುವ ಮೊದಲು ಡಿಪ್‌ಸ್ಟಿಕ್ ಹಿಡಿಕೆಯ ಸುತ್ತಲಿನ ಧೂಳನ್ನು ಒರೆಸಿ. ಈ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ವಾಡಿ, ಸೇಡಂ, ಶಹಾಬಾದ್ ಕಡೆಯ ಸುಣ್ಣದಕಲ್ಲಿನ ಪುಡಿ, ರಾಶಿ ಕಣದ ಹೊಟ್ಟು, ಕರಿಮಣ್ಣಿನ ಧೂಳು ಎಲ್ಲ ಅಲ್ಲೇ ಕೂತಿರುತ್ತವೆ. ಡಿಪ್‌ಸ್ಟಿಕ್ ಜೊತೆ ಒಳಗೆ ಹೋದ ಮಣ್ಣು ಬೇರಿಂಗನ್ನು ಉಜ್ಜುತ್ತದೆ. ಒರೆಸಲು ನೂಲು ಬಿಡದ ಹಳೆಯ ಹತ್ತಿ ಬಟ್ಟೆ ಇರಲಿ. ಗ್ಯಾರೇಜಿನ ದಾರದ ವೇಸ್ಟ್ ಕೈ ಒರೆಸಲು ಸಾಕು, ಡಿಪ್‌ಸ್ಟಿಕ್‌ಗೆ ಬೇಡ.

ಮೊದಲ ಸಲ ಎಳೆದಾಗ ಕಾಣುವುದನ್ನು ನಂಬಬೇಡಿ. ಗಾಡಿ ಓಡುವಾಗ ಚಿಮ್ಮಿದ ಆಯಿಲ್ ಕಡ್ಡಿಯ ಮೇಲೂ ಅದರ ಕೊಳವೆಯ ಒಳಗೋಡೆಗೂ ಅಂಟಿರುತ್ತದೆ. ಪೂರ್ತಿ ಒರೆಸಿ ಒಂದೆರಡು ನಿಮಿಷ ಹೊರಗೇ ಇಡಿ. ಕೆಲವು ಗಾಡಿಗಳಲ್ಲಿ ಹಿಡಿಕೆಯ ರಬ್ಬರ್ ರಿಂಗ್ ಕೊಳವೆಯನ್ನು ಬಿಗಿಯಾಗಿ ಮುಚ್ಚುತ್ತದೆ. ಆಗ ಒಳಗಿನ ಗಾಳಿ ಸಿಕ್ಕಿಕೊಂಡು ಕೊಳವೆಯಲ್ಲಿನ ಆಯಿಲ್ ಚೇಂಬರ್‌ನ ಮಟ್ಟಕ್ಕೆ ಸರಿಯಾಗಿ ನಿಲ್ಲುವುದಿಲ್ಲ. ಕಡ್ಡಿ ಹೊರಗಿದ್ದರೆ ಅದು ತಾನಾಗಿ ಸಮವಾಗುತ್ತದೆ.

ಈಗ ಹಿಡಿಕೆ ಕೂರುವವರೆಗೆ ಪೂರ್ತಿ ಒಳಗೆ ತಳ್ಳಿ. ಅರ್ಧ ಸೆಂಟಿಮೀಟರ್ ಮೇಲೆ ನಿಂತರೂ ಓದು ಅಷ್ಟೇ ತಪ್ಪುತ್ತದೆ. ನೇರವಾಗಿ ಎಳೆದು, ತುದಿ ತುಸು ಕೆಳಗಿರುವಂತೆ ಅಡ್ಡ ಹಿಡಿಯಿರಿ. ತುದಿ ಮೇಲೆ ಮಾಡಿ ಹಿಡಿದರೆ ಆಯಿಲ್ ಹಿಡಿಕೆಯ ಕಡೆ ಜಾರಿ ಹೆಚ್ಚಿದ್ದಂತೆ ಕಾಣುತ್ತದೆ.

ಎರಡೂ ಮುಖ ನೋಡಿ. ಒಂದು ಮುಖದಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಇರುವುದು ಸಾಮಾನ್ಯ, ಕೊಳವೆಗೆ ತಾಗಿದ ಮುಖ ಬಳಿದುಕೊಂಡಿರುತ್ತದೆ. ಕಡಿಮೆ ತೋರಿಸುವ ಮುಖವೇ ನಿಜಕ್ಕೆ ಹತ್ತಿರ. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಕಡಿಯದೆ ಒದ್ದೆಯಾಗಿರುವುದು ಎಲ್ಲಿಯವರೆಗೋ ಅಲ್ಲಿಯವರೆಗೆ ಮಟ್ಟ. ಅದರ ಮೇಲಿನ ಗೀರು, ಹನಿಗಳಿಗೆ ಲೆಕ್ಕವಿಲ್ಲ. ಹೊಸ ಆಯಿಲ್ ತಿಳಿಯಾಗಿರುವುದರಿಂದ ಗೆರೆ ಕಾಣದಿದ್ದರೆ ಡಿಪ್‌ಸ್ಟಿಕ್ ತುದಿಯನ್ನು ಬಿಳಿ ಕಾಗದದ ಮೇಲೆ ಮೆಲ್ಲಗೆ ಒತ್ತಿ. ಒದ್ದೆ ಎಲ್ಲಿಗೆ ಮುಗಿಯಿತೆಂದು ಕಾಗದ ತೋರಿಸುತ್ತದೆ. ಒರೆಸಿ ಮತ್ತೊಮ್ಮೆ ಅದ್ದಿ ನೋಡಿ. ಎರಡು ಸಲ ಒಂದೇ ಬಂದರೆ ಆ ಅಳತೆ ಸರಿ.

ಕಡಿಮೆಯಾದರೆ, ಹೆಚ್ಚಾದರೆ

ಎರಡು ಗೆರೆಗಳ ನಡುವೆ ಎಲ್ಲಿದ್ದರೂ ಗಾಡಿ ಓಡಿಸಬಹುದು. ಸದಾ ಮೇಲಿನ ಗೆರೆಗೇ ಮುಟ್ಟಿರಬೇಕೆಂಬ ಹಟ ಬೇಡ. ಕೆಳಗಿನ ಗೆರೆಗೆ ಬಂದಿದ್ದರೆ ಅದೇ ಗ್ರೇಡಿನ ಆಯಿಲನ್ನು 200ರಿಂದ 250 ಮಿಲಿಲೀಟರ್‌ನಂತೆ ಹಾಕಿ, ಕೆಲವು ನಿಮಿಷ ಬಿಟ್ಟು ಮತ್ತೆ ನೋಡಿ. ಚಳಿಗಾಲದ ಬೆಳಗ್ಗೆ 15ಡಬ್ಲ್ಯು-40ರಂಥ ಆಯಿಲ್ ಗಟ್ಟಿಯಾಗಿ ನಿಧಾನಕ್ಕೆ ಇಳಿಯುತ್ತದೆ, ಇನ್ನಷ್ಟು ತಾಳ್ಮೆ ಬೇಕು. ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇರುವ ಬಿಎಸ್-6 (ಹೊಗೆ ಮಿತಿಯ ಹೊಸ ನಿಯಮದ) ಡೀಸೆಲ್ ಗಾಡಿಗೆ ಬೂದಿ ಕಡಿಮೆ ಬಿಡುವ ಬೇರೆ ಬಗೆಯ ಆಯಿಲ್ ಇದೆ. ಹಳೆಯ ಗಾಡಿಯ ಉಳಿದ ಡಬ್ಬಿಯನ್ನು ಅದಕ್ಕೆ ಸುರಿದರೆ ಡಿಪಿಎಫ್ ಬೇಗ ಕಟ್ಟಿಕೊಳ್ಳುತ್ತದೆ.

ಹೆಚ್ಚಿದ್ದರೆ ಒಳ್ಳೆಯದೇ ಎಂಬ ನಂಬಿಕೆ ನಮ್ಮ ಚಾಲಕರಲ್ಲಿ ಬಲವಾಗಿದೆ. ಅದು ಎಂಜಿನ್ ಕೆಡಿಸುವ ನಂಬಿಕೆ. ಮಟ್ಟ ಮಿತಿಮೀರಿದರೆ ತಿರುಗುವ ಕ್ರ್ಯಾಂಕ್ ಆಯಿಲ್‌ಗೆ ತಾಗಿ, ಮಜ್ಜಿಗೆ ಕಡೆದಂತೆ ನೊರೆ ಎಬ್ಬಿಸುತ್ತದೆ. ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಪಂಪಿಗೆ ಒತ್ತಡ ಸಿಗುವುದಿಲ್ಲ, ಬೇರಿಂಗಿಗೆ ಆಯಿಲ್ ಪದರ ತೆಳುವಾಗುತ್ತದೆ. ಸೀಲುಗಳಿಂದ ಸೋರಿಕೆ ಶುರುವಾಗಬಹುದು. ಡೀಸೆಲ್ ಎಂಜಿನ್‌ನಲ್ಲಿ ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಬರುವ ಕೊಳವೆ) ಮೂಲಕ ಆಯಿಲ್ ಗಾಳಿಯ ದಾರಿಗೆ ಸೇರಿದರೆ ಅದೇ ಇಂಧನವಾಗಿ ಎಂಜಿನ್ ಹತೋಟಿ ತಪ್ಪುವ ಅಪಾಯವೂ ಇದೆ. ಹೆಚ್ಚಾದುದನ್ನು ಡ್ರೈನ್ ನಟ್ ಸಡಿಲಿಸಿ ಅಥವಾ ಡಿಪ್‌ಸ್ಟಿಕ್ ಕೊಳವೆಯಿಂದ ಸಣ್ಣ ಪೈಪು, ಸಿರಿಂಜ್ ಬಳಸಿ ತೆಗೆಯಿರಿ. ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ನೀವು ಹಾಕದಿದ್ದರೂ ಮಟ್ಟ ಏರುತ್ತಿದ್ದರೆ ಅದು ಕಡಿಮೆಯಾಗುವುದಕ್ಕಿಂತ ಗಂಭೀರ. ಡಿಪಿಎಫ್ ತನ್ನನ್ನು ತಾನು ಸುಟ್ಟು ಸ್ವಚ್ಛ ಮಾಡಿಕೊಳ್ಳುವಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮುಕಿಸುತ್ತದೆ. ಊರೊಳಗಿನ ಸಣ್ಣ ಸಣ್ಣ ಓಡಾಟದಲ್ಲಿ ಆ ಕೆಲಸ ಅರ್ಧಕ್ಕೆ ನಿಲ್ಲುತ್ತಿದ್ದರೆ ಡೀಸೆಲ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಮೂಸಿದರೆ ಡೀಸೆಲ್ ವಾಸನೆ ಬರುತ್ತದೆ. ಆಯಿಲ್ ಮಬ್ಬು ಕಂದು ಬಣ್ಣಕ್ಕೆ ತಿರುಗಿ ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ನೀರು ಸೇರಿದೆ ಎಂದರ್ಥ. ಎರಡರಲ್ಲಿ ಯಾವುದಾದರೂ ಗಾಡಿಯನ್ನು ಗ್ಯಾರೇಜಿಗೆ ತೋರಿಸಲೇಬೇಕು. ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಬರೀ ಕಪ್ಪಾಗುವುದು ಮಾತ್ರ ಮಸಿಯಿಂದ, ಹೊಸದಾಗಿ ಬದಲಿಸಿದ ಕೆಲವೇ ದಿನಗಳಲ್ಲಿ ಹಾಗಾದರೂ ಗಾಬರಿ ಬೇಡ.

ಬರೆದಿಡಿ

ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇರಲಿ: ತಾರೀಖು, ಮೀಟರಿನ ಕಿಲೋಮೀಟರ್, ಮಟ್ಟ, ಹಾಕಿದ ಆಯಿಲ್. ಸುಗ್ಗಿಯಲ್ಲಿ ವಾರಕ್ಕೊಮ್ಮೆ, ಉಳಿದಂತೆ ಹದಿನೈದು ದಿನಕ್ಕೊಮ್ಮೆ ನೋಡಿದರೆ ಸಾಕು. ನೋಟ್‌ಬುಕ್ ಇದ್ದರೆ ‘ಸ್ವಲ್ಪ ಕುಡಿಯುತ್ತದೆ’ ಎಂಬ ಮಾತಿನ ಬದಲು 5,000 ಕಿಲೋಮೀಟರಿಗೆ ಅರ್ಧ ಲೀಟರ್, ಅಂದರೆ ಸಾವಿರಕ್ಕೆ 100 ಮಿಲಿಲೀಟರ್ ಎಂದು ಮೆಕ್ಯಾನಿಕ್‌ಗೆ ಹೇಳಬಹುದು. ಆ ಅಂಕಿ ಮುಂದಿನ ಸಲ ಇದ್ದಕ್ಕಿದ್ದಂತೆ ಎರಡರಷ್ಟಾದರೆ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಇದೆಯೇ, ಫರ್ಸಿಯ ಮೇಲೆ ಹನಿ ಬಿದ್ದಿದೆಯೇ ಎಂದು ಹುಡುಕಬೇಕು.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಇನ್ನೊಂದು ಪರೀಕ್ಷೆ ಮಾಡಲೇಬೇಕು. ಡಿಪ್‌ಸ್ಟಿಕ್ ಮುರಿದಾಗ ಯಾರೋ ಬೇರೆ ಮಾಡೆಲ್‌ನದನ್ನು ಹಾಕಿರಬಹುದು, ಅದರ ಗೆರೆಗಳಿಗೆ ನಿಮ್ಮ ಎಂಜಿನ್‌ನಲ್ಲಿ ಅರ್ಥವಿಲ್ಲ. ಮುಂದಿನ ಆಯಿಲ್ ಬದಲಾವಣೆಯಲ್ಲಿ ಹಳೆಯದನ್ನು ಪೂರ್ತಿ ಬಸಿದು, ಫಿಲ್ಟರ್ ಬದಲಿಸಿ, ಕಂಪನಿ ಹೇಳಿದಷ್ಟೇ ಆಯಿಲನ್ನು ಅಳೆದು ಹಾಕಿಸಿ. ಹೊಸ ಫಿಲ್ಟರ್ ತುಂಬಿಕೊಳ್ಳಲಿ ಎಂದು ಎಂಜಿನ್ ಒಂದೆರಡು ನಿಮಿಷ ಓಡಿಸಿ ನಿಲ್ಲಿಸಿ. ನಿಮ್ಮ ಗುರುತಿನ ಜಾಗದಲ್ಲಿ ರಾತ್ರಿ ಬಿಟ್ಟು ಬೆಳಗ್ಗೆ ನೋಡಿ. ಮಟ್ಟ ಮೇಲಿನ ಗೆರೆಯ ಆಸುಪಾಸಿಗೆ ಬಂದರೆ ಡಿಪ್‌ಸ್ಟಿಕ್ ಸರಿಯಿದೆ. ಬಹಳ ದೂರ ಉಳಿದರೆ ಸರಿಯಾದ ಡಿಪ್‌ಸ್ಟಿಕ್ ತರಿಸಿ, ಅದು ಸಿಗುವವರೆಗೆ ಈಗ ನಿಂತಿರುವ ಜಾಗದಲ್ಲಿ ಅರದಿಂದ ತೆಳುವಾಗಿ ಗೀರು ಹಾಕಿಕೊಳ್ಳಿ. ಲೋಹದ ಪುಡಿಯನ್ನು ಒರೆಸದೆ ಮತ್ತೆ ಒಳಗೆ ಹಾಕಬೇಡಿ.

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನು ನಂಬಿ ಇದೆಲ್ಲ ಬೇಡವೆನ್ನುವವರಿದ್ದಾರೆ. ಆ ದೀಪ ತೋರಿಸುವುದು ಒತ್ತಡವನ್ನು, ಮಟ್ಟವನ್ನಲ್ಲ. ಮಟ್ಟ ಕುಸಿದ ಕಾರಣಕ್ಕೆ ಅದು ಹೊತ್ತಿತೆಂದರೆ ಪಂಪು ಆಗಲೇ ಗಾಳಿ ಎಳೆಯುತ್ತಿದೆ. ಜೇವರ್ಗಿ ರಸ್ತೆಯಲ್ಲಿ ಲೋಡ್ ಸಮೇತ ಇರುವಾಗ ದೀಪ ಹೊತ್ತಿದರೂ ಮುಂದಿನ ಊರಿನವರೆಗೆ ಹೋಗೋಣ ಎನ್ನಬೇಡಿ. ಪಕ್ಕಕ್ಕೆ ತೆಗೆದುಕೊಂಡು ಆ ಕ್ಷಣವೇ ಎಂಜಿನ್ ಆಫ್ ಮಾಡಿ. ಮಟ್ಟ ನೋಡಿ ಆಯಿಲ್ ಹಾಕಿ ಸ್ಟಾರ್ಟ್ ಮಾಡಿದ ಮೇಲೂ ದೀಪ ಆರದಿದ್ದರೆ ಕೂಡಲೇ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡದೆ ಗಾಡಿಯನ್ನು ಎಳೆಸಿಕೊಂಡು ಹೋಗಿ.