ವಯೋಮಿಂಗ್‌ನಲ್ಲಿ ಗೈಡ್ ಇಲ್ಲದೆ ನನ್ನ ಮೊದಲ ಬೇಟೆ

ನಾನು ರಾಣೆಬೆನ್ನೂರು ಕಡೆಯವನು. ಹೊಲಕ್ಕೆ ಬರುವ ಚಿಗರಿ (ಕೃಷ್ಣಮೃಗ) ಹಿಂಡು ನೋಡುತ್ತಲೇ ಬೆಳೆದೆ. ಅಲ್ಲಿ ಅವನ್ನು ಮುಟ್ಟುವ ಹಾಗಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಇರಲೇಬೇಕು ಕೂಡ. ಡೆನ್ವರ್‌ಗೆ ಬಂದ ಮೇಲೆ ಪಕ್ಕದ ವಯೋಮಿಂಗ್‌ ರಾಜ್ಯದಲ್ಲಿ ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಪ್ರಾಣಿ ನೋಡಿದೆ. ಎಲ್ಲರೂ ಆಂಟಿಲೋಪ್ ಅನ್ನುತ್ತಾರೆ, ಆದರೆ ಅದರ ಹತ್ತಿರದ ಬಳಗ ಜಿರಾಫೆ, ಚಿಗರಿ ಅಲ್ಲ. ಇಲ್ಲಿ ಸರ್ಕಾರವೇ ಲೆಕ್ಕ ಹಾಕಿ ಬೇಟೆಗೆ ಲೈಸೆನ್ಸ್ ಕೊಡುತ್ತದೆ.

ಮೊದಲು ಬೇಟೆಯ ಸುರಕ್ಷತೆ ಕೋರ್ಸ್ ಮುಗಿಸಿದೆ. ಆಮೇಲೆ ಲೈಸೆನ್ಸ್ ಹಂಚುವ ಲಾಟರಿಗೆ ಅರ್ಜಿ. ಕೊಂಬಿನ ಆಸೆ ಬಿಟ್ಟು ಹೆಣ್ಣು ಪ್ರಾಂಗ್‌ಹಾರ್ನ್ ಬೇಟೆಯ ಲೈಸೆನ್ಸ್ ಕೇಳಿದೆ. ಬೆಲೆ ತುಂಬಾ ಕಡಿಮೆ, ಸಿಗುವ ಸಾಧ್ಯತೆಯೂ ಜಾಸ್ತಿ. ಮೊದಲ ಸಲಕ್ಕೆ ಇದೇ ಸರಿ ಅನ್ನುತ್ತೇನೆ.

ಹೆಚ್ಚು ಸಮಯ ಹೋಗಿದ್ದು ನಕ್ಷೆಗೆ. ದಕ್ಷಿಣ ವಯೋಮಿಂಗ್‌ನ ರೈಲುಹಳಿಯ ಆಚೀಚೆ ಜಮೀನು ಚದುರಂಗದ ಹಾಸಿನ ಹಾಗಿದೆ. ಒಂದು ಚದರ ಮೈಲಿ ಸರ್ಕಾರದ್ದು, ಪಕ್ಕದ್ದು ಖಾಸಗಿ. ಹಿಂದೆ ರೈಲು ಕಂಪನಿಗೆ ಒಂದು ಬಿಟ್ಟು ಒಂದು ತುಂಡು ಕೊಟ್ಟಿದ್ದರಿಂದ ಹೀಗಾಯಿತು. ಸರ್ಕಾರಿ ತುಂಡು ಕಣ್ಣೆದುರೇ ಇರುತ್ತದೆ, ಹೋಗಲು ದಾರಿ ಇರುವುದಿಲ್ಲ. ಒಂದು ಸರ್ಕಾರಿ ತುಂಡಿನ ಮೂಲೆಯಿಂದ ಇನ್ನೊಂದರ ಮೂಲೆಗೆ ದಾಟುವ ವಿಚಾರ ಕೋರ್ಟಿಗೂ ಹೋಗಿತ್ತು. ನಾನು ಆ ಗೊಡವೆಗೆ ಹೋಗಲಿಲ್ಲ. ರಸ್ತೆಗೆ ತಾಗಿದ ಸರ್ಕಾರಿ ಜಾಗ, ಮತ್ತು ರೈತರ ಒಪ್ಪಿಗೆ ಪಡೆದು ಇಲಾಖೆ ತೆರೆದಿಟ್ಟ ವಾಕ್-ಇನ್ ಜಾಗ, ಇವೆರಡನ್ನೇ ಗುರುತು ಹಾಕಿಕೊಂಡೆ. ಫೋನ್ ಸಿಗ್ನಲ್ ಇರುವುದಿಲ್ಲ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಆಗಸ್ಟ್‌ನಲ್ಲಿ ಒಮ್ಮೆ ಹೋಗಿ ನೋಡಿ ಬಂದೆ. ಪ್ರಾಂಗ್‌ಹಾರ್ನ್ ಬೇಲಿ ಹಾರುವುದು ಅಪರೂಪ, ಕೆಳಗೆ ನುಸುಳುತ್ತದೆ. ಕೆಳತಂತಿಗೆ ಕೂದಲು ಸಿಕ್ಕಿದ್ದರೆ ಅದೇ ದಾರಿ ಅಂತ ಗೊತ್ತಾಗುತ್ತದೆ.

ಮೊದಲ ದಿನ ಹಿಂಡು ಒಂದು ಮೈಲಿ ದೂರದಿಂದಲೇ ನನ್ನನ್ನು ನೋಡಿ ಓಡಿತು. ಅವುಗಳ ಕಣ್ಣು ಅಷ್ಟು ಚುರುಕು. ಮರುದಿನ ಒಣಹಳ್ಳದೊಳಗೆ, ಗಾಳಿಗೆ ಎದುರಾಗಿ, ಮಂಡಿಯೂರಿ ತೆವಳಿದೆ. ನೆಲದ ತುಂಬ ಪಾಪಾಸುಕಳ್ಳಿ. ಮುಂದಿನ ಸಲ ಮಂಡಿಗೆ ಪಟ್ಟಿ ಬೇಕೇ ಬೇಕು. ಅಭ್ಯಾಸದಲ್ಲಿ 200 ಗಜದಾಚೆ ನನ್ನ ಗುರಿ ಚದುರುತ್ತಿತ್ತು, ಅದಕ್ಕೇ ಒಂದು ಹೆಣ್ಣು 160 ಗಜದೊಳಗೆ ಬರುವವರೆಗೂ ಕಾದೆ. ಒಂದೇ ಗುಂಡು. ಹೆಚ್ಚು ನರಳಲಿಲ್ಲ. ಸ್ವಲ್ಪ ಹೊತ್ತು ಅದರ ಪಕ್ಕ ಸುಮ್ನೆ ಕೂತಿದ್ದೆ.

ಆಮೇಲೆ ಅವಸರ. ಲೈಸೆನ್ಸ್ ಚೀಟಿಗೆ ದಿನಾಂಕ, ಸಹಿ ಹಾಕಿ ಪ್ರಾಣಿಗೆ ಕಟ್ಟಿದೆ. ಹೆಣ್ಣು ಎಂದು ತೋರಿಸುವ ಭಾಗ ಮಾಂಸದ ಜೊತೆಗೇ ಇರಬೇಕು, ಅದನ್ನು ಕತ್ತರಿಸಲಿಲ್ಲ. ಅಕ್ಟೋಬರ್ ಮೊದಲ ವಾರ, ಮಧ್ಯಾಹ್ನ ಇನ್ನೂ ಬಿಸಿಲು. ಕರುಳು ತೆಗೆದು, ಚರ್ಮ ಸುಲಿದು, ಒಂದು ಗಂಟೆಯೊಳಗೆ ಮಾಂಸವನ್ನು ಐಸ್‌ಗೆ ಹಾಕಿದೆ. ಪ್ರಾಂಗ್‌ಹಾರ್ನ್ ಮಾಂಸ ವಾಸನೆ ಅನ್ನುವವರು ಬಹಳ. ನನಗನಿಸುವಂತೆ ಅದು ತಡವಾಗಿ ತಣಿಸಿದ್ದರ ವಾಸನೆ. ಭಾನುವಾರ ಧನಿಯಾ, ಮೆಣಸು ಹುರಿದು ಸಾರು ಮಾಡಿದೆವು. ಕುರಿಮಾಂಸವೇ ಇಷ್ಟವೆನ್ನುವ ನನ್ನ ಹೆಂಡತಿಯೂ ಎರಡು ಸಲ ಬಡಿಸಿಕೊಂಡಳು.