ವರದಾ ನದಿ, ಮೂರು ಕಲ್ಲು, ಅರ್ಧ ಸೆಕೆಂಡು

"ಹಾವೇರಿಯಾಗ ಎಲ್ಲೈತಿ ಅಂಥಾ ನೀರು? ಜೋಗಕ್ಕ ಹೋಗು, ಇಲ್ಲಾ ಯಲ್ಲಾಪುರದ ಕಡೆ ಹೋಗು." ಹರಿಯುವ ನೀರು ರೇಷ್ಮೆಯಂತೆ ಕಾಣುವ ಫೋಟೋ ತೆಗೆಯಬೇಕು ಅಂದಾಗಲೆಲ್ಲ ಫೋಟೋ ಗೆಳೆಯರು ನಾಲ್ಕು ವರ್ಷ ಇದನ್ನೇ ಹೇಳಿದರು. ನಿಜ, ನಮ್ಮಲ್ಲಿ ವರದಾ ಎತ್ತರದಿಂದ ಧುಮುಕುವುದಿಲ್ಲ. ಮಳೆಗಾಲದಲ್ಲಂತೂ ನೀರು ಚಹಾದ ಬಣ್ಣ. ಆದರೆ ಕಳೆದ ವರ್ಷ ಅದೇ ನೀರಿನಲ್ಲಿ ತೆಗೆದ ಚಿತ್ರ ಈಗ ನಮ್ಮ ಪಡಸಾಲೆಯ ಗೋಡೆ ಮೇಲಿದೆ. ಜೋಗಕ್ಕೆ ಹೋಗು ಅಂದವರೇ ಬಂದು "ಇದು ಯಾವ ಮಲೆನಾಡು?" ಅಂತ ಕೇಳಿದರು.

ಮೊದಲೆರಡು ವರ್ಷ ಲಾಂಗ್ ಎಕ್ಸ್‌ಪೋಷರ್, ಅಂದರೆ ಶಟರ್ ಹೆಚ್ಚು ಹೊತ್ತು ತೆರೆದಿಟ್ಟು ಫೋಟೋ ತೆಗೆಯೋದರ ಬೆನ್ನು ಹತ್ತಿದ್ದೆ. ಸುಮಾರು 900 ರೂಪಾಯಿಗೆ ಎನ್‌ಡಿ ಫಿಲ್ಟರ್ (ಬೆಳಕು ಕಡಿಮೆ ಮಾಡಲು ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು) ತರಿಸಿದೆ. ಚಿತ್ರವೆಲ್ಲ ನೇರಳೆ. ಆಮೇಲೆ ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ಒಳ್ಳೆಯದೇ ಒಂದು ಸೆಕೆಂಡ್ ಹ್ಯಾಂಡ್ ಕೊಂಡೆ, ಆರು ಸ್ಟಾಪಿನದು (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕಿಳಿಯುತ್ತದೆ). 8 ಸೆಕೆಂಡು, 15 ಸೆಕೆಂಡು ಇಟ್ಟು ನೋಡಿದೆ. ನದಿ ಹಳೇ ಮನೆಯ ಕೆಂಪು ಗಾರೆ ನೆಲದ ಹಾಗೆ ಬಂತು. ಜಲಪಾತದಲ್ಲಿ ಬಿಳಿ ನೊರೆ ಇರುತ್ತದೆ, ಎಷ್ಟು ಹೊತ್ತು ತೆರೆದಿಟ್ಟರೂ ಹಾಲಿನಂತೆ ಕಾಣುತ್ತದೆ. ನಮ್ಮ ನೀರಿನಲ್ಲಿ ನೊರೆ ಎಳೆ ಎಳೆಯಾಗಿ ಬರೋದು. ಹೊತ್ತು ಜಾಸ್ತಿಯಾದರೆ ಆ ಎಳೆಯೇ ಅಳಿಸಿಹೋಗುತ್ತದೆ.

ಇದರ ನಡುವೆ ಹುಬ್ಬಳ್ಳಿಯಲ್ಲಿ ವೆಲ್ಡಿಂಗ್ ಗಾಜು ತಂದು ಲೆನ್ಸಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದೂ ಉಂಟು. ಎಲ್ಲ ಹಸಿರು. ಕಪ್ಪು ಬಿಳುಪು ಮಾಡಿದರೆ ಮಾತ್ರ ನಡೆಯುತ್ತದೆ. ಉಣಕಲ್ ಕೆರೆ ದಂಡೆಯಲ್ಲಿ ಮೊಬೈಲ್ ಸ್ಟ್ಯಾಂಡಿಗೆ ಹಾಕಿ ಮೂವತ್ತು ನಲವತ್ತು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದೆ. ಅಲೆಗಳು ಚೆನ್ನಾಗಿ ನುಣುಪಾದವು, ದಂಡೆಯ ಹುಲ್ಲೂ ಜೊತೆಗೇ ಕಲಸಿಹೋಯಿತು.

ಕೊನೆಗೆ ಕೈ ಹಿಡಿದದ್ದು ಬೇಸಿಗೆ. ಏಪ್ರಿಲ್‌ನಲ್ಲಿ ನದಿ ಬತ್ತಿದಾಗ ಪಾತ್ರದೊಳಗೇ ನಡೆದೆ. ನೀರಿಲ್ಲದಾಗ ಕಲ್ಲಿನ ಸಾಲು, ಇಳಿಜಾರು, ಗುಂಡಿ ಎಲ್ಲ ಕಣ್ಣಿಗೆ ಬೀಳುತ್ತದೆ. ಒಂದು ಬಾಂದಾರದ (ನದಿಗೆ ಅಡ್ಡ ಕಟ್ಟಿದ ಸಣ್ಣ ಒಡ್ಡಿನ) ಕೆಳಗೆ ಮೂರು ಕಲ್ಲು ಸಿಕ್ಕವು, ನಡುವಿನದು ಎಮ್ಮೆಯ ಬೆನ್ನಿನಂತೆ. ಮೊಣಕಾಲೆತ್ತರದಲ್ಲಿ ಮೊಬೈಲ್ ಹಿಡಿದು ಫ್ರೇಮ್ ಕಟ್ಟಿದೆ: ನೀರು ಎಡ ಮೂಲೆಯಿಂದ ಬಂದು ಎಮ್ಮೆ ಬೆನ್ನನ್ನು ಬಳಸಿ ಬಲಗಡೆ ಕೆಳಗೆ ಹೋಗಬೇಕು, ಆಕಾಶ ಪೂರ್ತಿ ಹೊರಗೆ. ಸ್ಟ್ಯಾಂಡ್ ಎಲ್ಲಿ ಇಡಬೇಕು ಅಂತ ದಂಡೆಯ ಮರದಿಂದ ಹೆಜ್ಜೆ ಎಣಿಸಿ ಬರೆದುಕೊಂಡೆ. ಯಾವ ಬಾಂದಾರ ಅಂತ ಇಲ್ಲಿ ಹೇಳುವುದಿಲ್ಲ.

ಜುಲೈನಲ್ಲಿ ಏಳು ಸಲ ಹೋದೆ. ಒಂದೊಂದು ಸಲಕ್ಕೂ ಪೆಟ್ರೋಲಿಗೆ ಇನ್ನೂರರ ಹತ್ತಿರ. ನಾಲ್ಕು ಸಲ ಕಲ್ಲು ಪೂರ್ತಿ ಮುಳುಗಿದ್ದವು. ವರದಾ ಹುಟ್ಟೋದು ಸಾಗರದ ಹತ್ತಿರ, ವರದಾಮೂಲದಲ್ಲಿ. ಇಲ್ಲಿ ಬಿಸಿಲಿದ್ದರೂ ಮೇಲೆ ಮಳೆ ಜೋರಾದರೆ ನೀರು ಏರುತ್ತದೆ. ದನ ಕಾಯುವ ಅಜ್ಜ ಒಬ್ಬರು "ನಡುವಿನ ಕಲ್ಲ ಮುಳುಗ್ತಂದ್ರ ನಿಲ್ಲಬ್ಯಾಡ್ರಿ ಸರ, ಮ್ಯಾಲ ಬರ್ರಿ" ಅಂದಿದ್ದರು. ಅದನ್ನು ಒಂದು ದಿನವೂ ಮೀರಲಿಲ್ಲ.

ಏಳನೇ ಸಲ ಬೆಳಗಿನ ಆರೂವರೆ. ಮೋಡ ದಟ್ಟವಾಗಿತ್ತು. ಐಎಸ್‌ಒ 100, ಎಫ್ 11 (ಎರಡೂ ಬೆಳಕು ಕಡಿಮೆ ಹಿಡಿಯುವ ಸೆಟ್ಟಿಂಗ್), ಬರೀ ಪೋಲರೈಸರ್, ಅಂದರೆ ತಿರುಗಿಸಿ ಹೊಳಪು ತಗ್ಗಿಸುವ ಫಿಲ್ಟರ್. ಅದು ಎರಡು ಸ್ಟಾಪಿನಷ್ಟು ಬೆಳಕು ತಿನ್ನುತ್ತದೆ, ಶಟರ್ ಅರ್ಧ ಸೆಕೆಂಡಿಗೆ ಬಂತು. ನಾಲ್ಕು ಸಾವಿರದ ಎನ್‌ಡಿ ಬ್ಯಾಗಿನಿಂದ ಹೊರಗೇ ಬರಲಿಲ್ಲ. ಪೋಲರೈಸರ್ ಪೂರ್ತಿ ತಿರುಗಿಸಬೇಡಿ. ಒದ್ದೆ ಕಲ್ಲಿನ ಬಣ್ಣ ಬಿಚ್ಚಿಕೊಳ್ಳುತ್ತದೆ, ಆದರೆ ನೀರಿನ ಮೇಲಿನ ಬೆಳ್ಳಿ ಹೊಳಪೂ ಹೋಗಿಬಿಡುತ್ತದೆ. ಕಲ್ಲಿನ ಅಂಚಿನಲ್ಲಿ ಸ್ವಲ್ಪ ಹೊಳಪು ಉಳಿದಾಗ ನಿಲ್ಲಿಸಿದೆ. ಸ್ಟ್ಯಾಂಡಿನ ನಡುಗಂಬ ಎತ್ತಲಿಲ್ಲ, ಕಾಲುಗಳನ್ನು ಹರಳಿನೊಳಗೆ ಒತ್ತಿದೆ, ಎರಡು ಸೆಕೆಂಡ್ ಟೈಮರ್. ಸುಮಾರು ಅರವತ್ತು ಫೋಟೋದಲ್ಲಿ ಎರಡು ಉಳಿದವು. ಚಹಾ ಬಣ್ಣವನ್ನು ಜೇನಿನ ಬಣ್ಣಕ್ಕೆ ತಂದದ್ದು ಹೇಗೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈ ಏಪ್ರಿಲ್‌ನಲ್ಲಿ ಮತ್ತೆ ಹೋಗಿದ್ದೆ. ಪ್ರವಾಹಕ್ಕೆ ಎಮ್ಮೆ ಬೆನ್ನಿನ ಕಲ್ಲು ಹೊರಳಿ, ಬೇರೆ ಮಗ್ಗುಲು ಮೇಲಾಗಿದೆ. ಅದರ ಮೇಲೆ ಬಿಳಿ ಗೆರೆಯೊಂದಿದೆ. ಹೊಸ ಫ್ರೇಮ್ ಕಟ್ಟಿ, ಹೆಜ್ಜೆ ಮತ್ತೆ ಎಣಿಸಿಕೊಂಡು ಬಂದಿದ್ದೇನೆ.